ಮರಿಗೆ ಲೂಸ್ ಮೋಷನ್, ಯಾವ ಟ್ಯಾಬ್ಲೆಟ್ ಕೊಡ್ಲಿ?

ಬೀದಿ ನಾಯಿಮರಿಗಳನ್ನ ಸ್ವಲ್ಪ ದಿನ ಮನೇಲಿಟ್ಕೊಂಡು ಸಾಕಿ, ಆಮೇಲೆ ಒಳ್ಳೆ ಮನೆ ನೋಡಿ ಕೊಡ್ತೀನಿ ಅನ್ನೋದು ಏರಿಯಾದಲ್ಲಿ ಗೊತ್ತಾದಾಗಿಂದ ನನ್ನ ವಾಟ್ಸಾಪ್ ಕಥೆ ಕೇಳ್ಬೇಡಿ. ದೀಪಾವಳಿ ಕಳೆದು ಚಳಿ ಶುರುವಾಗ್ತಿದ್ದಂಗೆ ರಸ್ತೆ ತುಂಬಾ ಮರಿಗಳು, ಆಗ ಬರೋ ಮೆಸೇಜಲ್ಲಿ ಅರ್ಧ ಬರೀ ಕಕ್ಕದ ಫೋಟೋ. ಸರಿಯಾಗಿ ತಿಂಡಿ ತಿನ್ನೋ ಹೊತ್ತಿಗೇ ಬರತ್ತೆ. ಕೆಳಗಡೆ ಒಂದೇ ಲೈನು, "ಮರಿಗೆ ಲೂಸ್ ಮೋಷನ್, ಯಾವ ಟ್ಯಾಬ್ಲೆಟ್ ಕೊಡ್ಲಿ?"

ನಾನು ಡಾಕ್ಟ್ರಲ್ಲ, ಟ್ಯಾಬ್ಲೆಟ್ ಹೆಸರು ಹೇಳಲ್ಲ. ವಾಪಸ್ ಕೇಳೋದು ಇಷ್ಟೇ. ಎಷ್ಟು ದಿನದ ಮರಿ? ಬೆಳಗ್ಗೆ ತಿಂತಾ? ವಾಂತಿ ಇದ್ಯಾ? ಎಷ್ಟು ಇಂಜೆಕ್ಷನ್ ಆಗಿದೆ? ಈಗ ಈ ಕ್ಷಣ ಏನ್ಮಾಡ್ತಿದೆ? ಚಪ್ಪಲಿ ಕಚ್ಕೊಂಡು ಓಡಾಡ್ತಿದೆ ಅಂದ್ರೆ ನನಗೂ ಸಮಾಧಾನ. "ಮೂಲೇಲಿ ಮಲಗಿದೆ, ಕರೆದ್ರೆ ಏಳ್ತಿಲ್ಲ, ಪಾಪ ಸುಸ್ತಾಗಿರ್ಬೇಕು, ಮಲಗ್ಲಿ ಬಿಡಿ ಅಂತ ಬಿಟ್ಟಿದೀವಿ" ಅಂದ್ರೆ ಫೋಟೋ ನೋಡೋ ಅವಶ್ಯಕತೇನೇ ಇಲ್ಲ, ಆಟೋ ಹಿಡೀರಿ ಅಂತೀನಿ. ಎಲ್ಲರೂ ಕೆಳಗೆ ಬಿದ್ದಿದ್ದನ್ನ ನೋಡ್ತಾರೆ, ಮರಿಯನ್ನ ನೋಡೋದು ಆಮೇಲೆ. ಅದು ಉಲ್ಟಾ ಆಗ್ಬೇಕು.

ದೊಡ್ಡ ನಾಯಿಗೆ ಹೊಟ್ಟೆ ಕೆಟ್ರೆ ಒಂದ್ಹೊತ್ತು ಊಟ ಬಿಡಿಸಿ ನಾಳೆ ನೋಡೋಣ ಅನ್ನಬಹುದು, ಅದರ ಮೈಯಲ್ಲಿ ಅಷ್ಟು ಸ್ಟಾಕ್ ಇರತ್ತೆ. ಒಂದೂವರೆ ಎರಡು ತಿಂಗಳ ಮರಿಗೆ ಆ ಲೆಕ್ಕ ನಡೆಯಲ್ಲ. ಮೈಮೇಲೆ ಕೊಬ್ಬಿಲ್ಲ, ಲಿವರಲ್ಲಿ ಕೂಡಿಟ್ಟ ಸಕ್ಕರೆ ಇಲ್ಲ, ಕೆಲವು ಗಂಟೆ ತಿನ್ನದೆ ಇದ್ರೆ ಸಾಕು ಶುಗರ್ ಇಳಿದು ತೂರಾಡೋದು, ನಡುಗೋದು, ಕೊನೆಗೆ ಫಿಟ್ಸ್ ಬರೋದು. ಅದರ ಮೇಲೆ ಭೇದೀಲಿ ನೀರು ಹೋಗ್ತಾ ಇರತ್ತೆ. ಅದಕ್ಕೇ "ಇವತ್ತು ಉಪವಾಸ ಹಾಕಿ" ಅನ್ನೋ ಸಲಹೆ ಯಾರಾದ್ರೂ ಕೊಟ್ರೆ ಚಿಕ್ಕ ಮರಿ ವಿಷಯದಲ್ಲಿ ಕಿವಿಗೆ ಹಾಕ್ಕೋಬೇಡಿ. ನಾಳೆವರೆಗೂ ಕಾಯೋಣ ಅನ್ನೋ ಮಾತೇ ಈ ವಯಸ್ಸಿಗೆ ದೊಡ್ಡ ಶತ್ರು, ಬೆಳಗ್ಗೆ ಆಟಾಡ್ತಿದ್ದ ಮರಿ ರಾತ್ರಿ ಹೊತ್ತಿಗೆ ತಲೆ ಎತ್ತದೆ ಇರೋದನ್ನ ನೋಡಿದೀನಿ.

ಹಾಗಂತ ಪ್ರತಿ ಸಲ ಭೇದಿ ಆದ್ರೂ ಯಮಕಂಟಕ ಅಂತಲ್ಲ. ಹೊಸ ಮನೆಗೆ ಬಂದ ಮೊದಲ ವಾರ ಕಕ್ಕ ಸಡಿಲ ಆಗೋದು ತುಂಬಾ ಕಾಮನ್. ಅಮ್ಮನ್ನ ಬಿಟ್ಟು ಬಂದಿರತ್ತೆ, ಜಾಗ ಹೊಸದು, ಊಟ ಹೊಸದು, ಜೊತೆಗೆ ಮನೆಯವರೆಲ್ಲ ಪ್ರೀತಿ ಜಾಸ್ತಿ ಆಗಿ ಒಬ್ಬೊಬ್ಬರು ಒಂದೊಂದು ತಿನ್ನಿಸ್ತಾರೆ, ತಾತ ಬಿಸ್ಕೆಟ್, ಮಗ ಚಿಪ್ಸ್, ಪಕ್ಕದ್ಮನೆ ಆಂಟಿ ಬ್ರೆಡ್ಡು. ಮರಿ ಹೊಟ್ಟೆ ತುಂಬಿತು ಅಂತ ನಿಲ್ಸಲ್ಲ, ಹಾಕಿದ್ದೆಲ್ಲ ತಿನ್ನತ್ತೆ. ಬರೀ ಜಾಸ್ತಿ ತಿಂದಿದ್ದಕ್ಕೇ ಭೇದಿ ಆಗೋ ಮರಿಗಳು ಎಷ್ಟೋ. ತಂದವರ ಹತ್ರ ಅಲ್ಲಿ ಏನು ತಿಂತಿತ್ತು ಅಂತ ಕೇಳಿ, ಮೊದಲು ಅದನ್ನೇ ಕೊಡಿ, ಬದಲಾಯಿಸ್ಬೇಕು ಅಂದ್ರೆ ಹಳೇದಕ್ಕೆ ಹೊಸದನ್ನ ಸ್ವಲ್ಪಸ್ವಲ್ಪ ಬೆರೆಸ್ತಾ 7ರಿಂದ 10 ದಿನ ತಗೊಳ್ಳಿ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಸ್ವಲ್ಪಸ್ವಲ್ಪ.

ಈಗ ಹಾಲು. ನಮ್ಮ ಕಡೆ ನಾಯಿಮರಿ ಅಂದ್ರೆ ಹಾಲು, ಇದನ್ನ ಪ್ರಶ್ನೆ ಮಾಡಿದ್ರೆ ಮನೇಲಿ ಅಜ್ಜಿಗಳು ನನ್ನನ್ನೇ ಪಾಪಿ ತರ ನೋಡ್ತಾರೆ. ಆದ್ರೆ ನಾಯಿ ಹಾಲೇ ಬೇರೆ, ಹಸು ಹಾಲೇ ಬೇರೆ. ನಾಯಿ ಹಾಲಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹಸು ಹಾಲಿನ ಎರಡು ಪಟ್ಟಿಗಿಂತ ಜಾಸ್ತಿ, ಲ್ಯಾಕ್ಟೋಸ್ ಅಂದ್ರೆ ಹಾಲಿನ ಸಕ್ಕರೆ ಕಮ್ಮಿ. ಪ್ಯಾಕೆಟ್ ಹಾಲು ಕೊಟ್ಟಾಗ ಆ ಲ್ಯಾಕ್ಟೋಸ್ ಪೂರ್ತಿ ಜೀರ್ಣ ಆಗದೆ ಕರುಳಿಗೆ ನೀರು ಎಳ್ಕೊಳ್ಳತ್ತೆ, ಅದೇ ಭೇದಿ. ಇನ್ನು ಕೆಲವರು ಹಾಲು ಗಟ್ಟಿ ಆಯ್ತೇನೋ ಅಂತ ನೀರು ಬೆರೆಸ್ತಾರೆ, ಆಗ ಲ್ಯಾಕ್ಟೋಸ್ ಜೊತೆ ಇರೋ ಚೂರುಪಾರು ಪೌಷ್ಟಿಕಾಂಶನೂ ಹೋಯ್ತು, ಹೊಟ್ಟೆ ತುಂಬಿದಂಗೆ ಕಾಣತ್ತೆ, ಮರಿ ಸೊರಗತ್ತೆ. ಕಣ್ಣು ಬಿಡದ ಮರಿ ಸಿಕ್ರೆ ಪೆಟ್ ಶಾಪಲ್ಲಿ ಮರಿಗಳಿಗೇ ಅಂತ ಹಾಲಿನ ಪುಡಿ ಸಿಗತ್ತೆ, ಅದನ್ನೇ ತನ್ನಿ. ನಾಲ್ಕು ವಾರ ದಾಟಿದ್ರೆ ಮೆತ್ತಗೆ ನೆನೆಸಿದ ಪಪ್ಪಿ ಫುಡ್ ತಿನ್ನೋಕೆ ಕಲಿಯತ್ತೆ, ಅದಕ್ಕೆ ಪೂರ್ತಿ ಒಗ್ಗಿದ್ಮೇಲೆ ಹಾಲು ಬೇಕಾಗಿಲ್ಲ. ಮೊಸರಲ್ಲಿ ಲ್ಯಾಕ್ಟೋಸ್ ಕಮ್ಮಿ ಇರೋದ್ರಿಂದ ಒಂದೆರಡು ಚಮಚ ಮೊಸರನ್ನ ತಡ್ಕೊಳ್ತವೆ, ಹಾಗಂತ ಮೂರ್ಹೊತ್ತೂ ಮೊಸರನ್ನವೇ ಹಾಕಿದ್ರೆ ಬೆಳೆಯೋ ಮೈಗೆ ಸಾಲಲ್ಲ. ನಮ್ಮನೇಲಿ ಮೊಟ್ಟೇನೂ ತರಲ್ಲ ಅನ್ನೋರಿಗೆ ನಾನು ಕೊಡೋ ಉಪಾಯ ಪಪ್ಪಿ ಫುಡ್ ಪ್ಯಾಕೆಟ್ಟೇ. ಅದರಲ್ಲಿ ಏನಿದೆ ಅಂತ ಹಿಂದುಗಡೆ ಓದೋಕೆ ಹೋಗದೆ ಇದ್ರೆ ಎಲ್ಲರಿಗೂ ನೆಮ್ಮದಿ.

ಹಾಲು ನಿಲ್ಸಿದ್ಮೇಲೂ ಭೇದಿ ನಿಲ್ಲಲಿಲ್ಲ ಅಂದ್ರೆ ನನ್ನ ಮುಂದಿನ ಅನುಮಾನ ಜಂತುಹುಳ. "ಮನೆಯಿಂದ ಆಚೆನೇ ಬಿಟ್ಟಿಲ್ಲ, ಹುಳ ಹೇಗೆ ಬರತ್ತೆ" ಅಂತಾರೆ. ಆಚೆ ಹೋಗ್ಬೇಕಾಗಿಲ್ಲ. ತಾಯಿ ಮೈಯಲ್ಲಿ ಸುಮ್ಮನೆ ಮಲಗಿರೋ ಹುಳದ ಮರಿಗಳು ಅದು ಗಬ್ಬ ಆದಾಗ ಎಚ್ಚರ ಆಗಿ ಹೊಟ್ಟೆಯೊಳಗಿನ ಮರಿಗಳಿಗೆ ದಾಟ್ತವೆ, ಆಮೇಲೆ ಹಾಲಲ್ಲೂ ಹೋಗ್ತವೆ. ಅಂದ್ರೆ ಹುಟ್ಟೋವಾಗ್ಲೇ ಹುಳ ತಗೊಂಡೇ ಹುಟ್ಟಿರ್ತವೆ, ಅದಕ್ಕೇ ಎರಡನೇ ವಾರದಿಂದಲೇ ಶುರು ಮಾಡಿ 2, 4, 6, 8ನೇ ವಾರಕ್ಕೆ ಹುಳದ ಔಷಧಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಂದು ಸಲ ಕೊಡೋದು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಂಡಗೆ ಉಬ್ಬಿರೋ ಮರಿ ನೋಡಿ "ಎಷ್ಟು ಚೆನ್ನಾಗಿ ತಿಂದು ದುಂಡಗಿದೆ" ಅಂತ ಖುಷಿ ಪಡ್ತಾರಲ್ಲ, ಅದು ಬಹಳ ಸಲ ಹುಳದ ಹೊಟ್ಟೆ. ಔಷಧಿ ಕೊಟ್ಟ ಮಾರನೇ ದಿನ ಶಾವಿಗೆ ತರ ಬೀಳ್ತವೆ, ವಾಂತೀಲೂ ಬರಬಹುದು, ಹೆದರಬೇಡಿ. ಕಾಣದೆ ಇರೋ ಹುಳ ಇದಕ್ಕಿಂತ ಕೆಟ್ಟದ್ದು, ಕೊಕ್ಕೆಹುಳ, ಕರುಳಿಗೆ ಕಚ್ಕೊಂಡು ರಕ್ತ ಹೀರೋದು. ಕಕ್ಕ ಕಪ್ಪಗೆ ಅಂಟಂಟಾಗಿ, ವಸಡು ಬಿಳಿಚ್ಕೊಂಡಿದ್ರೆ ಅದರ ಮೇಲೆ ಅನುಮಾನ ಪಡ್ಬೇಕು, ಚಿಕ್ಕ ಮರಿ ಇದರಿಂದಲೇ ರಕ್ತ ಕಮ್ಮಿಯಾಗಿ ಸಾಯಬಹುದು.

ಔಷಧಿ ತೂಕದ ಲೆಕ್ಕ. ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ಒಂದು ಡಬ್ಬ ಇಟ್ಟು ಅದರಲ್ಲಿ ಮರಿ ಕೂರ್ಸಿ ತೂಕ ನೋಡಿ, ಅದನ್ನ ಡಾಕ್ಟ್ರಿಗೆ ಹೇಳಿ. ಈ ತಕ್ಕಡಿ ಅಭ್ಯಾಸ ಬೇರೆ ಕಾರಣಕ್ಕೂ ಒಳ್ಳೇದು. ಮರಿ ದಿನಾ ಚೂರಾದ್ರೂ ತೂಕ ಏರ್ಬೇಕು, ಏರದೆ ನಿಂತ್ರೆ ಭೇದಿ ಶುರುವಾಗೋದಕ್ಕೆ ಮುಂಚೇನೇ ಏನೋ ಸರಿ ಇಲ್ಲ ಅಂತ ಗೊತ್ತಾಗತ್ತೆ.

ಹುಳದ ಔಷಧಿ ಕೊಟ್ಟಾಯ್ತು, ಆದ್ರೂ ಲೋಳೆ ಲೋಳೆಯಾಗಿ ನೀರು ನೀರಾಗಿ ಹೋಗ್ತಾನೇ ಇದೆ ಅಂದ್ರೆ ಕಾಕ್ಸಿಡಿಯಾ, ಜಿಯಾರ್ಡಿಯಾ ಅಂತ ಕಣ್ಣಿಗೆ ಕಾಣದ ಪರಾವಲಂಬಿಗಳಿವೆ, ಒಂದೇ ಕಡೆ ತುಂಬಾ ಮರಿಗಳನ್ನ ತುಂಬಿಟ್ಟಿದ್ದ ಜಾಗದಿಂದ ಬಂದ ಮರಿಗಳಲ್ಲಿ ಜಾಸ್ತಿ. ಮಾಮೂಲಿ ಹುಳದ ಸಿರಪ್ಪಿಗೆ ಕಾಕ್ಸಿಡಿಯಾ ಬಗ್ಗಲ್ಲ. ಮೈಕ್ರೋಸ್ಕೋಪಲ್ಲಿ ನೋಡ್ಬೇಕು, ಅದಕ್ಕೆ ತಾಜಾ ಕಕ್ಕ ಒಂದು ಚಿಕ್ಕ ಡಬ್ಬೀಲಿ ತಗೊಂಡು ಹೋಗ್ಬೇಕು. ಮುಜುಗರ ಪಡಬೇಡಿ, ಡಾಕ್ಟ್ರಿಗೆ ನಿಮ್ಮ ಹತ್ತು ಫೋಟೋಗಿಂತ ಆ ಒಂದು ಡಬ್ಬಿ ಉಪಯೋಗ.

ಇನ್ನು ಎಲ್ಲರೂ ಹೆದರೋ ಹೆಸರು, ಪಾರ್ವೋ. 1978ರ ಸುಮಾರಿಗೆ ಕಾಣಿಸ್ಕೊಂಡು ಎರಡೇ ವರ್ಷದಲ್ಲಿ ಜಗತ್ತೆಲ್ಲ ಹಬ್ಬಿದ ವೈರಸ್ ಇದು, ಇವತ್ತಿಗೂ ಮರಿಗಳ ಪಾಲಿಗೆ ಯಮ. ಆರು ವಾರದಿಂದ ಆರು ತಿಂಗಳೊಳಗಿನವು ಜಾಸ್ತಿ ಸಿಕ್ಕಿಹಾಕ್ಕೊಳ್ಳೋದು. ಶುರುವಾಗೋದು ಭೇದಿಯಿಂದ ಅಲ್ಲ ಅನ್ನೋದನ್ನ ನೆನಪಿಟ್ಕೊಳ್ಳಿ. ಮೊದಲು ಮಂಕು. ಊಟದ ತಟ್ಟೆ ಮೂಸಿ ಹಿಂದಕ್ಕೆ ಸರಿಯತ್ತೆ. ಆಮೇಲೆ ವಾಂತಿ, ಬಿಳಿ ನೊರೆ ಇಲ್ಲಾ ಹಳದಿ ನೀರು. ಅದಾಗಿ ಸುಮಾರು ಒಂದು ದಿನದೊಳಗೆ ಭೇದಿ, ರಕ್ತ ಬೆರೆತು, ಒಂಥರಾ ನಾತ, ಒಂದ್ಸಲ ಮೂಗಿಗೆ ಬಡಿದ್ರೆ ಮರೆಯೋಕಾಗಲ್ಲ. ರಕ್ತ ಬರೋವರೆಗೂ ಕಾಯೋರಿಗೆ ಆ ಹೊತ್ತಿಗೆ ಅರ್ಧ ಸಮಯ ಕೈಬಿಟ್ಟು ಹೋಗಿರತ್ತೆ. ವೈರಸ್ಸು ಕರುಳಿನ ಒಳಪದರದ ಬೆಳೆಯೋ ಸೆಲ್ಲುಗಳನ್ನ ಸಾಯಿಸತ್ತೆ, ಮೂಳೆಮಜ್ಜೆಯನ್ನೂ ಹೊಡೆದು ಬಿಳಿ ರಕ್ತಕಣ ಇಳಿಸತ್ತೆ, ಕಾವಲಿಲ್ಲದ ಕರುಳಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗತ್ತೆ. ಅದಕ್ಕೇ ಡ್ರಿಪ್ಸ್, ವಾಂತಿ ನಿಲ್ಸೋ ಇಂಜೆಕ್ಷನ್, ಆಂಟಿಬಯೋಟಿಕ್ ಎಲ್ಲಾ ಒಟ್ಟಿಗೆ ಬೇಕಾಗೋದು. ವೈರಸ್ ಕೊಲ್ಲೋ ಮಾತ್ರೆ ಅಂತ ಮೆಡಿಕಲ್ ಶಾಪಲ್ಲಿ ಏನೂ ಸಿಗಲ್ಲ, ಪಪ್ಪಾಯಿ ಎಲೆ ರಸ, ಅರಿಶಿನ ನೀರು ಇವೆಲ್ಲ ವಾಂತಿ ಮಾಡ್ತಿರೋ ಮರಿ ಬಾಯಿಗೆ ಸುರಿದು ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ತಲೆನೋವು. ಬೇಗ ಡ್ರಿಪ್ಸ್ ಸಿಕ್ಕಿದ ಮರಿಗಳಲ್ಲಿ ಬಹುಪಾಲು ಬದುಕ್ತವೆ, ಮನೇಲೇ ಬಿಟ್ಟವುಗಳಲ್ಲಿ ಬಹುಪಾಲು ಹೋಗ್ತವೆ. ಇದನ್ನ ಮೆತ್ತಗೆ ಹೇಳೋ ದಾರಿ ನನಗೆ ಗೊತ್ತಿಲ್ಲ.

"ಒಂದು ಇಂಜೆಕ್ಷನ್ ಹಾಕ್ಸಿದೀವಿ, ಪಾರ್ವೋ ಬರೋಕೆ ಚಾನ್ಸೇ ಇಲ್ಲ" ಅನ್ನೋದು ಇನ್ನೊಂದು ದೊಡ್ಡ ಭ್ರಮೆ. ತಾಯಿ ಮೊದಲ ಹಾಲಲ್ಲಿ ಬಂದ ರಕ್ಷಣೆ ಮರಿ ರಕ್ತದಲ್ಲಿ ಕೆಲವು ವಾರ ಇರತ್ತೆ, ಅದು ಇದ್ದಾಗ ಹಾಕಿದ ವ್ಯಾಕ್ಸಿನ್ನನ್ನ ಅದೇ ತಡೆದುಬಿಡತ್ತೆ. ಇಳೀತಾ ಇಳೀತಾ ಒಂದು ಹಂತ ಬರತ್ತೆ, ರೋಗ ತಡೆಯೋಕೆ ಸಾಲದು, ಆದ್ರೆ ವ್ಯಾಕ್ಸಿನ್ ಕೆಡಿಸೋಕೆ ಸಾಕು. ಆ ಗ್ಯಾಪ್ ಯಾವ ಮರಿಗೆ ಯಾವ ವಾರ ಬರತ್ತೆ ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ, ಅದಕ್ಕೇ 6-8 ವಾರಕ್ಕೆ ಶುರು ಮಾಡಿ ಎರಡರಿಂದ ನಾಲ್ಕು ವಾರಕ್ಕೊಂದರಂತೆ 16 ವಾರ ದಾಟೋವರೆಗೂ ಬೂಸ್ಟರ್ ಹಾಕೋದು. ಕೊನೇ ಇಂಜೆಕ್ಷನ್ ಯಾವ ವಾರಕ್ಕೆ ಆಯ್ತು ಅನ್ನೋದೇ ಮುಖ್ಯ, ಎಷ್ಟು ಆಯ್ತು ಅನ್ನೋದಲ್ಲ. ರೋಗ ಅಂಟಿದ್ಮೇಲೆ ಲಕ್ಷಣ ಕಾಣೋಕೆ ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವು ಸಲ ಎರಡು ವಾರ. ಅದಕ್ಕೇ ಕೊಂಡ್ಕೊಂಡು ಬಂದಾಗ ಚೆನ್ನಾಗಿದ್ದ ಮರಿ ನಾಲ್ಕೈದು ದಿನಕ್ಕೆ ಬೀಳೋದು. ಮಾರಿದವರನ್ನ ಕೇಳಿದ್ರೆ "ನಮ್ಮ ಹತ್ರ ಇದ್ದಾಗ ಚೆನ್ನಾಗೇ ಇತ್ತು, ನೀವೇ ಏನೋ ತಿನ್ಸಿದೀರಿ" ಅಂತಾರೆ, ಅದೂ ಮೂವತ್ತು ಮೂವತ್ತೈದು ದಿನಕ್ಕೇ ತಾಯಿಯಿಂದ ಕಿತ್ತು ನಲವತ್ತೈದು ದಿನ ಅಂತ ಸುಳ್ಳು ಹೇಳಿ ಮಾರಿರ್ತಾರೆ. ಹಲ್ಲು ನೋಡಿದ್ರೆ ಡಾಕ್ಟ್ರಿಗೆ ಗೊತ್ತಾಗತ್ತೆ.

ಮೆಡಿಕಲ್ ಶಾಪ್ ವಿಷಯ ಬಂತಲ್ಲ, ಅದನ್ನೂ ಮುಗಿಸ್ತೀನಿ. ಮನೇಲಿ ಮನುಷ್ಯರಿಗೆ ಅಂತ ಇಟ್ಟಿರೋ ಭೇದಿ ಮಾತ್ರೆ ಕಾಲು ಭಾಗ ಮುರಿದು ಕೊಡೋ ಪದ್ಧತಿ ಇದೆ. ಲೋಪೆರಮೈಡ್ ಕೊಟ್ರೆ ಕರುಳಿನ ಓಡಾಟ ನಿಲ್ಲತ್ತೆ, ಸೋಂಕು ಇದ್ರೆ ಹೊರಗೆ ಹೋಗ್ಬೇಕಾದ್ದು ಒಳಗೇ ಉಳಿಯತ್ತೆ, ಕೋಲಿ ಜಾತಿ ನಾಯಿಗಳಲ್ಲಂತೂ ಅದು ಮೆದುಳಿಗೇ ಹೋಗಿ ವಿಷ ಆಗಬಹುದು. ನಾರ್‌ಫ್ಲಾಕ್ಸಾಸಿನ್ ಅಂತ ಎಲ್ಲರ ಮನೆ ಡ್ರಾಯರಲ್ಲೂ ಒಂದು ಸ್ಟ್ರಿಪ್ ಇರತ್ತೆ, ಆ ಗುಂಪಿನ ಆಂಟಿಬಯೋಟಿಕ್ಸ್ ಬೆಳೆಯೋ ಮರಿಗಳ ಕೀಲಿನ ಮೃದ್ವಸ್ಥಿ ಹಾಳು ಮಾಡ್ತವೆ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡೋದಂತೂ ಬೇಡವೇ ಬೇಡ. ನಾಯಿ ಮೈ ನಮಗಿಂತ ಬಿಸಿನೇ ಇರೋದು, ತಿಂಗಳು ದಾಟಿದ ಮರಿಗೆ 101ರಿಂದ 102.5 ಫ್ಯಾರನ್‌ಹೀಟ್ ನಾರ್ಮಲ್. ನಾನು ಹೆದರೋದು ಅದು 99ಕ್ಕಿಂತ ಕೆಳಗಿಳಿದಾಗ.

ಅಡುಗೆಮನೆಯಲ್ಲೂ ಕೆಲವು ಅಪಾಯ ಇವೆ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ ಇವು ಈಗ ಸುಮಾರು ಜನಕ್ಕೆ ಗೊತ್ತು, ಆದ್ರೆ ಪಾಯಸದಲ್ಲಿರೋ ಒಣದ್ರಾಕ್ಷಿ ಲೆಕ್ಕಕ್ಕೆ ತಗೊಳ್ಳಲ್ಲ. ದ್ರಾಕ್ಷಿಯಲ್ಲಿ ಕಿಡ್ನಿ ಹಾಳು ಮಾಡೋದು ಟಾರ್ಟಾರಿಕ್ ಆಸಿಡ್ ಇರಬಹುದು ಅಂತ ಅಮೆರಿಕದ ವೆಟ್‌ಗಳು 2021ರಲ್ಲಿ ಹೇಳಿದ್ರು, ಅದೇ ಆಸಿಡ್ ನಮ್ಮ ಹುಣಸೆಹಣ್ಣಲ್ಲಿ ಧಾರಾಳವಾಗಿದೆ. ಹಂಗಾಗಿ ಉಳಿದಿರೋ ಸಾರನ್ನ, ಪುಳಿಯೋಗರೆ ಮರಿಗೆ ಹಾಕೋದು ಬಿಡಿ. ಬೇಸಿಗೇಲಿ ಮಾವಿನ ಓಟೆ. ಚೀಪಿ ಎಸೆದ ಓಟೆ, ಜೋಳದ ದಂಡು, ಕಾಲುಚೀಲ, ತೆಂಗಿನನಾರು, ಇವು ಕರುಳಲ್ಲಿ ಸಿಕ್ಕಿಹಾಕ್ಕೊಂಡ್ರೆ ಆಪರೇಷನ್ನೇ. ತಿಂದಿದ್ದೆಲ್ಲ ವಾಪಸ್ ಬರ್ತಿದೆ, ಕಕ್ಕ ಹೋಗ್ತಿಲ್ಲ, ಹೊಟ್ಟೆ ಮುಟ್ಟಿದ್ರೆ ಅಳತ್ತೆ ಅಂದ್ರೆ ಇದನ್ನೂ ಯೋಚಿಸಿ, ಮನೇಲಿ ಏನು ಕಾಣೆ ಆಗಿದೆ ಅಂತ ಹುಡುಕಿ.

ಹಾಗಾದ್ರೆ ಮನೇಲಿ ಏನ್ ಮಾಡ್ಬಹುದು? ಮರಿ ಎರಡು ತಿಂಗಳು ದಾಟಿದೆ, ಆಟಾಡ್ತಿದೆ, ತಿಂತಿದೆ, ವಾಂತಿ ಇಲ್ಲ, ರಕ್ತ ಇಲ್ಲ, ಬರೀ ಸಡಿಲ, ಆಗ ಒಂದು ದಿನ ನೋಡ್ಬಹುದು. ಮೆತ್ತಗೆ ಬೇಯಿಸಿದ ಅನ್ನ, ಚರ್ಮ ಮೂಳೆ ತೆಗೆದು ಬರೀ ನೀರಲ್ಲಿ ಬೇಯಿಸಿದ ಚಿಕನ್, ಉಪ್ಪು ಖಾರ ಎಣ್ಣೆ ಒಗ್ಗರಣೆ ಏನೂ ಇಲ್ಲದೆ, ಜೊತೆಗೆ ಒಂದು ಚಮಚ ಬೇಯಿಸಿದ ಸಿಹಿಕುಂಬಳ. ಮಾಮೂಲಿಗಿಂತ ಕಮ್ಮಿ ಅಳತೆ, ಜಾಸ್ತಿ ಸಲ. ನೀರು ಯಾವಾಗ್ಲೂ ಎದುರಿಗಿರ್ಲಿ. ಓಆರೆಸ್ ಬೆರೆಸಿದ ನೀರನ್ನ ಅದಾಗಿ ಅದೇ ನೆಕ್ಕಿದ್ರೆ ಕೊಡಿ, ಸಿರಿಂಜಲ್ಲಿ ಗಂಟಲಿಗೆ ಒತ್ತಬೇಡಿ. ವಸಡನ್ನ ಬೆರಳಲ್ಲಿ ಮುಟ್ಟಿ ನೋಡಿ, ಒದ್ದೆಯಾಗಿ ಜಾರ್ಬೇಕು, ಅಂಟಂಟಾಗಿದ್ರೆ ನೀರು ಕಮ್ಮಿಯಾಗಿದೆ. ಒತ್ತಿ ಬಿಟ್ರೆ ಬಿಳಿಯಾಗಿದ್ದ ಜಾಗ ಎರಡು ಸೆಕೆಂಡೊಳಗೆ ಗುಲಾಬಿ ಬಣ್ಣಕ್ಕೆ ಬರ್ಬೇಕು. ಕತ್ತಿನ ಚರ್ಮ ಎಳೆದು ನೋಡೋ ಪರೀಕ್ಷೆ ಯೂಟ್ಯೂಬಲ್ಲಿ ಎಲ್ಲರೂ ತೋರಿಸ್ತಾರೆ, ತೀರಾ ಚಿಕ್ಕ ಮರಿಗಳಲ್ಲಿ ಅದನ್ನ ನಂಬೋ ಹಾಗಿಲ್ಲ.

ಇದರಾಚೆಗೆ ಏನಿದ್ರೂ ಡಾಕ್ಟ್ರು. ಒಂದಾದ ಮೇಲೊಂದು ವಾಂತಿ, ಕುಡಿದ ನೀರೂ ನಿಲ್ಲದೆ ಇರೋದು, ರಕ್ತ, ಎರಡು ಹೊತ್ತು ಊಟ ಬಿಡೋದು, ವಸಡು ಬಿಳಿಚೋದು, ಕಿವಿ ಪಾದ ತಣ್ಣಗಾಗೋದು, ಹೊಟ್ಟೆ ಗಟ್ಟಿಯಾಗಿ ಉಬ್ಬಿ ವಾಂತಿ ಬಂದಂಗೆ ಮಾಡಿ ಏನೂ ಬರದೆ ಇರೋದು, ಇದರಲ್ಲಿ ಒಂದಿದ್ರೂ ಸಾಕು, ಎರಡನೇದಕ್ಕೆ ಕಾಯಬೇಡಿ. ಎರಡು ತಿಂಗಳಿಗಿಂತ ಚಿಕ್ಕ ಮರಿ ಆದ್ರೆ ಬರೀ ಭೇದೀನೇ ಸಾಕು ಹೊರಡೋಕೆ. ಹೋಗ್ತಾ ಬಾಟಲಿಗೆ ಬಿಸಿನೀರು ತುಂಬಿ ಟವಲ್ ಸುತ್ತಿ ಪಕ್ಕದಲ್ಲಿಡಿ. ತೂರಾಡ್ತಿದ್ರೆ ಗ್ಲೂಕೋಸ್ ಪುಡಿ ಅಥವಾ ಜೇನುತುಪ್ಪ ಬೆರಳಲ್ಲಿ ವಸಡಿಗೆ ಸವರಿ, ಪ್ರಜ್ಞೆ ಇಲ್ಲದ ಮರಿ ಬಾಯಿಗೆ ಏನೂ ಹುಯ್ಯಬೇಡಿ. ತಣ್ಣಗಾಗಿರೋ ಪುಟ್ಟ ಮರಿಗೆ ಹಾಲೂ ಕುಡಿಸಬೇಡಿ, ಮೈ ತಣ್ಣಗಿದ್ದಾಗ ಕರುಳು ಕೆಲಸ ಮಾಡಲ್ಲ, ಮೊದಲು ಬೆಚ್ಚಗಾಗಲಿ. ಕ್ಲಿನಿಕ್ಕಿಗೆ ಮೊದಲೇ ಫೋನ್ ಮಾಡಿ "ಪಾರ್ವೋ ಅನುಮಾನ ಇದೆ" ಅಂತ ಹೇಳಿ, ನೆಲದ ಮೇಲೆ ಬಿಡಬೇಡಿ, ಬೇರೆಯವರ ಮರಿಗಳೂ ಅಲ್ಲೇ ಇರ್ತವೆ. ಕಿಟ್ ಟೆಸ್ಟ್ ಅಲ್ಲೇ ಕೆಲವು ನಿಮಿಷದಲ್ಲಿ ಆಗತ್ತೆ. ಖರ್ಚು ಎಷ್ಟಾಗಬಹುದು ಅಂತ ಸಂಕೋಚ ಇಲ್ಲದೆ ಮೊದಲೇ ಕೇಳಿ. ಪ್ರೈವೇಟಲ್ಲಿ ಕೈಗೆ ನಿಲುಕಲ್ಲ ಅಂದ್ರೆ ಸರ್ಕಾರಿ ಪಶು ಆಸ್ಪತ್ರೆ ಇದೆ, ಬೆಂಗಳೂರಲ್ಲಿ ಹೆಬ್ಬಾಳದ ವೆಟರ್ನರಿ ಕಾಲೇಜು ಆಸ್ಪತ್ರೆ, ಹಾಗೇ ಶಿವಮೊಗ್ಗ, ಹಾಸನ, ಬೀದರಲ್ಲೂ ವೆಟರ್ನರಿ ಕಾಲೇಜುಗಳಿವೆ. ಸಣ್ಣ ಊರಲ್ಲಿ ರಾತ್ರಿ ಇಟ್ಕೊಳ್ಳೋ ವ್ಯವಸ್ಥೆ ಇರಲ್ಲ, ಬೆಳಗ್ಗೆ ಸಂಜೆ ಕರ್ಕೊಂಡು ಹೋಗಿ ಡ್ರಿಪ್ಸ್ ಹಾಕಿಸ್ಕೊಂಡು ಬರೋದು, ಅದೂ ಕೆಲಸ ಮಾಡತ್ತೆ, ಮನೇಲಿ ಒಬ್ಬರು ರಜಾ ಹಾಕ್ಬೇಕು ಅಷ್ಟೇ.

ಪಾರ್ವೋ ಮನುಷ್ಯರಿಗೆ ಅಂಟಲ್ಲ, ಆದ್ರೆ ಮೊದಲು ಹೇಳಿದ ಆ ಶಾವಿಗೆ ತರದ ಜಂತುಹುಳದ ಮೊಟ್ಟೆ ಮಕ್ಕಳ ಹೊಟ್ಟೆಗೆ ಹೋಗಬಹುದು. ಅದು ಬಿದ್ದ ತಕ್ಷಣ ಅಪಾಯ ಅಲ್ಲ, ಮಣ್ಣಲ್ಲಿ ಎರಡು ಮೂರು ವಾರ ಬೆಳೆದ್ಮೇಲೆ ಅಪಾಯ, ಹಂಗಾಗಿ ಕಕ್ಕ ಅವತ್ತವತ್ತೇ ತೆಗೆದುಬಿಟ್ರೆ ಅರ್ಧ ತಲೆನೋವು ಹೋಯ್ತು. ಪಾರ್ವೋ ಬಂದ ಮನೆ ತೊಳೆಯೋಕೆ ಫಿನಾಯಿಲ್ ಡಬ್ಬಿ ಸುರೀತಾರೆ, ವಾಸನೆ ಹೋಗತ್ತೆ, ವೈರಸ್ ಹೋಗಲ್ಲ. ಮೊದಲು ಸೋಪಿನ ನೀರಲ್ಲಿ ಗಲೀಜು ಪೂರ್ತಿ ತೆಗೆದು, ಆಮೇಲೆ ಒಂದು ಭಾಗ ಲಿಕ್ವಿಡ್ ಬ್ಲೀಚ್‌ಗೆ ಮೂವತ್ತು ಭಾಗ ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗೇ ಬಿಟ್ಟು ತೊಳೀರಿ, ಮರಿ ಆ ರೂಮಲ್ಲಿ ಇಲ್ಲದೆ ಇರೋವಾಗ. ಹಾಸಿಗೆ ಬಟ್ಟೆ ಸುಟ್ಟುಬಿಡೋದು ಸುಲಭ. ಅಂಗಳದ ಮಣ್ಣಿಗೆ ಬ್ಲೀಚ್ ಹಿಡಿಯಲ್ಲ, ಬಿಸಿಲು ಬೀಳದ ಮಣ್ಣಲ್ಲಿ ಅದು ವರ್ಷದವರೆಗೂ ಬದುಕಿರಬಹುದು. ಆ ಅಂಗಳಕ್ಕೆ ಬರೋ ಮುಂದಿನ ನಾಯಿಗೆ ಪೂರ್ತಿ ಇಂಜೆಕ್ಷನ್ ಆಗಿರ್ಲೇಬೇಕು. ಗುಣ ಆದ ಮರಿಯೂ ಇನ್ನೂ ಕೆಲವು ವಾರ ಕಕ್ಕದಲ್ಲಿ ವೈರಸ್ ಬಿಡ್ತಾ ಇರತ್ತೆ, ಪಾರ್ಕಿಗೆ, ಪಕ್ಕದ್ಮನೆ ಮರಿ ಹತ್ರಕ್ಕೆ ಬಿಡಬೇಡಿ. ಊಟ ಮಾತ್ರ ಡಾಕ್ಟ್ರು ಹೇಳಿದ ಕೂಡ್ಲೇ ಶುರು ಮಾಡಿ, ಒಂದೊಂದೇ ಚಮಚ ಎರಡು ಮೂರು ಗಂಟೆಗೊಂದು ಸಲ, ಅದು ಇನ್ನೂ ಬೇಕು ಅಂತ ತಟ್ಟೆ ನೆಕ್ಕಿ ನಿಮ್ಮ ಮುಖ ನೋಡಿದ್ರೂ ಎರಡನೇ ಚಮಚ ಹಾಕ್ಬೇಡಿ.